ಕಿಟಕಿಗೆ ಹೊರಗಿನಿಂದ ಬಿಸಿಲು ತಡೆ: ಮೊದಲು ದಿಕ್ಕು, ಆಮೇಲೆ ಅಳತೆ, ಕೊನೆಗೆ ಸಾಮಾನು

"ಮಧ್ಯಾಹ್ನ ಮೂರು ಗಂಟೆ ಆದಮೇಲೆ ರೂಮಿನಲ್ಲಿ ಕೂರಲು ಆಗುವುದಿಲ್ಲ, ಕಿಟಕಿಗೆ ಹೊರಗಡೆ ಯಾವ ಲೂವರ್ ಹಾಕಿಸಲಿ? ಅಲ್ಯೂಮಿನಿಯಂ ಒಳ್ಳೆಯದಾ, ಮರ ಒಳ್ಳೆಯದಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಲೂವರ್ ಅಂದರೆ ಒಂದರ ಕೆಳಗೆ ಒಂದು ಜೋಡಿಸಿದ ಪಟ್ಟಿಗಳು. ಜೊತೆಗೆ ಕ್ಯಾಟಲಾಗಿನ ಎರಡು ಮೂರು ಫೋಟೋಗಳೂ ಇರುತ್ತವೆ. ಆದರೆ ಕಿಟಕಿ ಯಾವ ದಿಕ್ಕಿಗಿದೆ, ಎಷ್ಟು ಎತ್ತರ ಇದೆ, ಬಿಸಿಲು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಒಳಗೆ ಬೀಳುತ್ತದೆ, ಇದ್ಯಾವುದೂ ಇರುವುದಿಲ್ಲ. ಇದು ಗೊತ್ತಿಲ್ಲದೆ ಉತ್ತರ ಹೇಳಿದರೆ ಅದು ಬರೀ ಊಹೆ.

ಹೆಚ್ಚಿನವರು ಮೊದಲು ಸಾಮಾನು ಆರಿಸುತ್ತಾರೆ, ಆಮೇಲೆ ಬಣ್ಣ, ಕೊನೆಗೆ ಅಳತೆ. ಇದನ್ನು ಪೂರ್ತಿ ತಿರುಗಿಸಿ. ಅಳತೆ ಸರಿ ಇದ್ದರೆ ಸಾದಾ ಸಿಮೆಂಟ್ ಸಜ್ಜಾ ಕೂಡ ಒಳ್ಳೆಯ ಕೆಲಸ ಮಾಡುತ್ತದೆ. ಅಳತೆ ತಪ್ಪಿದರೆ ಎಷ್ಟೇ ದುಬಾರಿ ಪಟ್ಟಿ ಹಾಕಿಸಿದರೂ ಬಿಸಿಲು ಅದರ ಕೆಳಗಿನಿಂದ ನುಗ್ಗಿ ಬರುತ್ತದೆ.

ಶುರು ಮಾಡುವ ಮುಂಚೆ ಇಷ್ಟು ಕೈಯಲ್ಲಿರಲಿ: ಅಳತೆ ಟೇಪು, ಸುಮಾರು 30 ಸೆಂಟಿಮೀಟರ್ ಅಗಲದ ಗಟ್ಟಿ ರಟ್ಟು ಅಥವಾ ಹಲಗೆ, ಒಂದು ಪೆನ್ಸಿಲ್, ದಿಕ್ಕು ನೋಡಲು ಫೋನು, ಬರೆದುಕೊಳ್ಳಲು ಒಂದು ಪುಸ್ತಕ.

1. ನಿಮಗೆ ಕಾಟ ಕೊಡುತ್ತಿರುವುದು ಬಿಸಿಯಾ, ಕಣ್ಣಿಗೆ ಹೊಡೆಯುವ ಬೆಳಕಾ?

ಇವೆರಡೂ ಬೇರೆ ಬೇರೆ ತೊಂದರೆ. ಕಂಪ್ಯೂಟರ್ ಪರದೆ ಕಾಣುತ್ತಿಲ್ಲ, ಕಣ್ಣು ಕುಕ್ಕುತ್ತದೆ, ಆದರೆ ರೂಮು ಅಷ್ಟೇನೂ ಬಿಸಿಯಾಗುವುದಿಲ್ಲ ಅಂದರೆ ಒಳಗಿನ ಪರದೆ ಸಾಕು. ಹೊರಗಡೆ ಖರ್ಚು ಮಾಡುವ ಅಗತ್ಯ ಇಲ್ಲ. ರೂಮೇ ಕಾಯುತ್ತಿದೆ ಅಂದರೆ ಮಾತ್ರ ಮುಂದಕ್ಕೆ ಓದಿ.

ಬಿಸಿಗೆ ಒಳಗಿನ ಪರದೆ ಯಾಕೆ ಸಾಲುವುದಿಲ್ಲ? ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಆ ಬಿಸಿಲು ಪರದೆಗೆ ಬಿದ್ದು ಪರದೆ ಬಿಸಿಯಾಗುತ್ತದೆ. ಬಿಸಿಯಾದ ಪರದೆ ಹೊರಸೂಸುವ ಶಾಖ ಬೇರೆ ಥರದ್ದು, ಅದು ಗಾಜಿನ ಮೂಲಕ ನೇರವಾಗಿ ಹೊರಗೆ ಹೋಗುವುದಿಲ್ಲ. ಪರದೆಯ ಸುತ್ತಲಿನ ಗಾಳಿಯೂ ಕಾದು ರೂಮಿಗೇ ಬರುತ್ತದೆ. ಅದೇ ಪರದೆ ಗಾಜಿನ ಹೊರಗಿದ್ದರೆ ಕಾಯುವುದು ಹೊರಗಿನ ಗಾಳಿ.

ಇದನ್ನು ಅಳೆಯಲು ಒಂದು ಸಂಖ್ಯೆ ಇದೆ. ಗಾಜಿನ ವಿವರದಲ್ಲಿ ಅದನ್ನು ಎಸ್‌ಎಚ್‌ಜಿಸಿ ಅಥವಾ ಜಿ ವ್ಯಾಲ್ಯೂ ಎಂದು ಬರೆದಿರುತ್ತಾರೆ. ಗಾಜಿಗೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಶಾಖವಾಗಿ ಒಳಗೆ ಬರುತ್ತದೆ ಎನ್ನುವುದೇ ಅದರ ಅರ್ಥ. 6 ಮಿಲಿಮೀಟರ್ ಸಾದಾ ಗಾಜಿಗೆ ಇದು ಸುಮಾರು 0.8. ಎರಡು ಪದರದ ಗಾಜಿಗೆ ಒಳಗಿನಿಂದ ತಿಳಿ ಬಣ್ಣದ ಬ್ಲೈಂಡ್ (ಮೇಲೆ ಕೆಳಗೆ ಎಳೆಯುವ ಪರದೆ) ಹಾಕಿದರೆ ಒಟ್ಟು ಲೆಕ್ಕ ಸುಮಾರು 0.4ರಿಂದ 0.5ರ ಹತ್ತಿರ ನಿಲ್ಲುತ್ತದೆ. ಅದೇ ಬ್ಲೈಂಡ್ ಹೊರಗಿದ್ದು ಪೂರ್ತಿ ಮುಚ್ಚಿದ್ದರೆ 0.1ರ ಆಸುಪಾಸಿಗೆ ಇಳಿಯುತ್ತದೆ.

ಎರಡು ಚದರ ಮೀಟರ್ ಗಾಜು, ಸಂಜೆಯ ನೇರ ಬಿಸಿಲು ಪ್ರತಿ ಚದರ ಮೀಟರಿಗೆ 600 ವಾಟ್ ಎಂದು ಹಿಡಿಯಿರಿ. ಸಾದಾ ಗಾಜಾದರೆ ಒಳಗೆ ಬರುವುದು ಸುಮಾರು 960 ವಾಟ್. ಅಂದರೆ ಒಂದು ಕಿಲೋವಾಟ್‌ನ ರೂಮ್ ಹೀಟರ್ ಹಚ್ಚಿಟ್ಟು ಅದರ ಎದುರಿಗೆ ಏಸಿ ಓಡಿಸಿದಷ್ಟು. ಹಾಗಾಗಿ ದೊಡ್ಡ ಏಸಿ ಕೊಳ್ಳುವ ಯೋಚನೆ ಇದ್ದರೆ ಮೊದಲು ಈ ಲೆಕ್ಕ ಮಾಡಿ ನೋಡಿ.

2. ದಿಕ್ಕನ್ನು ಸರಿಯಾಗಿ ಹಿಡಿಯಿರಿ

ಫೋನಿನ ದಿಕ್ಸೂಚಿಯನ್ನು ಗೋಡೆಗೆ ತಾಗಿಸಿ ನೋಡಬೇಡಿ. ಗೋಡೆಯೊಳಗಿನ ಕಬ್ಬಿಣ, ಗ್ರಿಲ್, ಏಸಿ ಘಟಕ ಎಲ್ಲವೂ ಅದನ್ನು ತಪ್ಪಿಸುತ್ತವೆ. ಉಪಗ್ರಹ ಚಿತ್ರದ ನಕ್ಷೆಯಲ್ಲಿ ನಿಮ್ಮ ಕಟ್ಟಡ ತೆರೆದು, ಉತ್ತರವನ್ನು ಮೇಲಕ್ಕಿಟ್ಟು, ಗೋಡೆ ಎಷ್ಟು ಓರೆಯಾಗಿದೆ ನೋಡಿ. ಅದು ಹೆಚ್ಚು ನಂಬಿಕಸ್ಥ. "ಪಶ್ಚಿಮ" ಎಂದು ಹೇಳುವ ಎಷ್ಟೋ ಗೋಡೆಗಳು ನಿಜಕ್ಕೂ ನೈಋತ್ಯಕ್ಕೋ ವಾಯುವ್ಯಕ್ಕೋ ತಿರುಗಿರುತ್ತವೆ. 20 ಡಿಗ್ರಿ ವ್ಯತ್ಯಾಸ ಬಂದರೂ ಆಯ್ಕೆ ಬದಲಾಗುತ್ತದೆ.

ಇನ್ನೊಂದು ಎಚ್ಚರಿಕೆ. "ದಕ್ಷಿಣಕ್ಕೆ ಸಜ್ಜಾ, ಉತ್ತರಕ್ಕೆ ಏನೂ ಬೇಡ" ಎನ್ನುವ ಸೂತ್ರ ಎಲ್ಲ ಕಡೆ ಹೇಳುತ್ತಾರೆ. ಅದು ಭೂಮಧ್ಯರೇಖೆಗಿಂತ ಸಾಕಷ್ಟು ಉತ್ತರಕ್ಕಿರುವ ಊರುಗಳ ಸೂತ್ರ. ದಕ್ಷಿಣ ಗೋಳಾರ್ಧದಲ್ಲಿ ಅದು ತಿರುಗಾ ಮುರುಗಾ ಆಗುತ್ತದೆ. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ 1945ರಲ್ಲಿ ಉದ್ಘಾಟನೆಯಾದ ಶಿಕ್ಷಣ ಮತ್ತು ಆರೋಗ್ಯ ಸಚಿವಾಲಯದ ಕಟ್ಟಡ ಆಧುನಿಕ ಬಿಸಿಲು ತಡೆಗೆ ಹೆಸರಾದದ್ದು. ವಾಸ್ತುಶಿಲ್ಪಿಗಳಾದ ಲೂಸಿಯೊ ಕೋಸ್ಟಾ, ಆಸ್ಕರ್ ನೀಮೆಯರ್ ಮತ್ತು ಅವರ ಜೊತೆಗಾರರು ಅದಕ್ಕೆ ಅಡ್ಡ ಲೂವರ್ ಹಾಕಿದ್ದು ಉತ್ತರದ ಗೋಡೆಗೆ, ಯಾಕೆಂದರೆ ಅಲ್ಲಿ ಬಿಸಿಲು ಬರುವುದೇ ಉತ್ತರದಿಂದ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ಇರುವವರಿಗಂತೂ ವರ್ಷದ ಒಂದು ಭಾಗ ಉತ್ತರದಿಂದಲೂ ಇನ್ನೊಂದು ಭಾಗ ದಕ್ಷಿಣದಿಂದಲೂ ಬಿಸಿಲು ಬರುತ್ತದೆ. ಎರಡನ್ನೂ ನೋಡಿಕೊಳ್ಳಬೇಕು.

3. ಬಿಸಿಲನ್ನು ಬರೆದಿಡಿ

ಒಂದು ಬಿಸಿಲಿನ ದಿನ ಪ್ರತಿ ಗಂಟೆಗೊಮ್ಮೆ ನೆಲದ ಮೇಲೆ ಬೀಳುವ ಬಿಸಿಲಿನ ಫೋಟೋ ತೆಗೆಯಿರಿ. ಸಮಯ ಬರೆಯಿರಿ. ಎದುರಿನ ಕಟ್ಟಡ, ಮರ, ಪಕ್ಕದ ನೀರಿನ ಟ್ಯಾಂಕು ಯಾವಾಗ ನೆರಳು ಕೊಡುತ್ತವೆ ಎನ್ನುವುದನ್ನೂ ಬರೆಯಿರಿ. ಕೆಳ ಮಹಡಿಗೆ ಎದುರಿನ ಮರವೇ ಸಾಕಾಗಿರಬಹುದು, ನಿಜವಾದ ತೊಂದರೆ ಮೇಲಿನ ಎರಡು ಮಹಡಿಗೆ ಮಾತ್ರ ಇರಬಹುದು. ಇಡೀ ಗೋಡೆಗೆ ಒಂದೇ ಥರ ಹಾಕಿಸಿದರೆ ಅಲ್ಲಿ ಸುಮ್ನೆ ದುಡ್ಡು ಹೋಗುತ್ತದೆ.

ಒಂದು ದಿನ ನೋಡಿದರೆ ಇಡೀ ವರ್ಷ ತಿಳಿಯುವುದಿಲ್ಲ ಅಲ್ವಾ? ಪೂರ್ತಿ ತಿಳಿಯುವುದಿಲ್ಲ, ಆದರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ಸೂರ್ಯನ ದಾರಿ ಜೂನ್ 21ರ ಆಚೆ ಈಚೆ ಕನ್ನಡಿಯಂತೆ ಒಂದೇ ಥರ ಇರುತ್ತದೆ. ಮೇ 21ಕ್ಕೆ ನೋಡಿದ್ದು ಜುಲೈ 21ಕ್ಕೂ ಹೆಚ್ಚು ಕಡಿಮೆ ಅದೇ. ಮಾರ್ಚ್ ಕೊನೆಯದು ಸೆಪ್ಟೆಂಬರ್ ಕೊನೆಗೆ ಹತ್ತಿರ. ಆದರೆ ಬಿಸಿ ಹೀಗೆ ಕನ್ನಡಿಯಂತೆ ನಡೆಯುವುದಿಲ್ಲ. ಒಂದು ಊರಿನಲ್ಲಿ ಮಾರ್ಚ್ ಕೊನೆಯಲ್ಲಿ ಚಳಿ ಇನ್ನೂ ಬಿಟ್ಟಿರುವುದಿಲ್ಲ, ಬಿಸಿಲು ಒಳಗೆ ಬರಲಿ ಅನ್ನಿಸುತ್ತದೆ. ಸೆಪ್ಟೆಂಬರಿನಲ್ಲಿ ಅದೇ ಕೋನದ ಬಿಸಿಲು ಬೇಡವಾಗಿರುತ್ತದೆ. ಅಲುಗಾಡದ ಸಜ್ಜಾಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದನ್ನು ನೆನಪಿಡಿ, 6ನೇ ಹಂತದಲ್ಲಿ ಬೇಕಾಗುತ್ತದೆ.

ಬಿಸಿಲು ಬೇಡದ ತಿಂಗಳುಗಳು ಯಾವುವು, ಬೇಕಾದ ತಿಂಗಳುಗಳು ಯಾವುವು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. "ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಮಧ್ಯಾಹ್ನ 2ರಿಂದ 6" ಎನ್ನುವ ಥರ. ಕೆಲಸಗಾರರ ಹತ್ತಿರ ಹೋಗುವಾಗ ಈ ಸಾಲು ನಿಮ್ಮ ಕೈಯಲ್ಲಿರಲೇಬೇಕು.

4. ಹಲಗೆ ಹಿಡಿದು ಅಳೆಯಿರಿ

ಇದೇ ಮುಖ್ಯ ಹಂತ. ಎಂಜಿನಿಯರುಗಳು ಇದಕ್ಕೆ "ಲಂಬ ನೆರಳು ಕೋನ" ಎನ್ನುತ್ತಾರೆ. ಗೋಡೆಯನ್ನು ಪಕ್ಕದಿಂದ ನೋಡಿದಾಗ ಬಿಸಿಲು ಎಷ್ಟು ಓರೆಯಾಗಿ ಇಳಿಯುತ್ತಿದೆ ಎನ್ನುವ ಕೋನ ಅದು. ಅದನ್ನು ಲೆಕ್ಕ ಹಾಕುವ ಸೂತ್ರಗಳಿವೆ, ತಂತ್ರಾಂಶಗಳೂ ಇವೆ. ಆದರೆ ಇರುವ ಕಟ್ಟಡಕ್ಕೆ ಒಂದು ಹಲಗೆ ಸಾಕು.

30 ಸೆಂಟಿಮೀಟರ್ ಅಗಲದ ಹಲಗೆಯನ್ನು ಕಿಟಕಿಯ ಪಕ್ಕದ ಗೋಡೆಗೆ ಶೆಲ್ಫಿನಂತೆ ಮಟ್ಟಸವಾಗಿ, ನೇರವಾಗಿ ಹೊರಕ್ಕೆ ಚಾಚಿ ಹಿಡಿಯಿರಿ. ಬಿಸಿಲು ಬೇಡದ ಗಂಟೆಯಲ್ಲಿ ಇದನ್ನು ಮಾಡಬೇಕು. ಹಲಗೆಯ ಹೊರ ಅಂಚಿನ ನೆರಳು ಗೋಡೆಯ ಮೇಲೆ ಎಷ್ಟು ಕೆಳಗೆ ಬಿದ್ದಿದೆ ಅಳೆಯಿರಿ. 45 ಸೆಂಟಿಮೀಟರ್ ಕೆಳಗೆ ಬಿತ್ತು ಅನ್ನಿ. ಅಂದರೆ 30 ಸೆಂಟಿಮೀಟರ್ ಚಾಚು 45 ಸೆಂಟಿಮೀಟರ್ ಎತ್ತರಕ್ಕೆ ನೆರಳು ಕೊಡುತ್ತದೆ. ನಿಮ್ಮ ಕಿಟಕಿ 150 ಸೆಂಟಿಮೀಟರ್ ಎತ್ತರ ಇದ್ದರೆ ಬೇಕಾದ ಚಾಚು 150 × 30 ÷ 45, ಅಂದರೆ 100 ಸೆಂಟಿಮೀಟರ್. ಅಷ್ಟೇ ಲೆಕ್ಕ.

ನೆರಳು ಪಕ್ಕಕ್ಕೂ ಸರಿದಿರುತ್ತದೆ. ಹಲಗೆಯ ಹೊರ ಮೂಲೆಯ ನೆರಳು 20 ಸೆಂಟಿಮೀಟರ್ ಪಕ್ಕಕ್ಕೆ ಹೋಗಿದ್ದರೆ 100 ಸೆಂಟಿಮೀಟರ್ ಚಾಚಿನ ಸಜ್ಜಾದ ನೆರಳು ಸುಮಾರು 67 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಸಜ್ಜಾ ಬಿಸಿಲು ಬರುವ ಕಡೆಗೆ ಕಿಟಕಿಗಿಂತ ಅಷ್ಟು ಉದ್ದ ಇರಬೇಕು, ಇಲ್ಲವೇ ಆ ಪಕ್ಕದಲ್ಲಿ ಒಂದು ನಿಂತ ಪಟ್ಟಿ ಇರಬೇಕು. ಕಿಟಕಿಯಷ್ಟೇ ಅಗಲದ ಸಜ್ಜಾ ಮಾಡಿಸಿ ಆಮೇಲೆ ಪಕ್ಕದಿಂದ ಬಿಸಿಲು ಬರುತ್ತಿದೆ ಎನ್ನುವುದು ತುಂಬ ಸಾಮಾನ್ಯ ದೂರು.

ಎತ್ತರ ಅಳೆಯುವಾಗ ಜಾಗ್ರತೆ. ಸಜ್ಜಾದ ಕೆಳಗಿನ ಅಂಚಿನಿಂದ ಗಾಜಿನ ಕೆಳಗಿನ ಅಂಚಿನವರೆಗೆ ಅಳೆಯಬೇಕು. ಕಿಟಕಿಗಿಂತ 30 ಸೆಂಟಿಮೀಟರ್ ಮೇಲೆ ಸಜ್ಜಾ ಕೂರಿಸಿದರೆ ಆ 30 ಕೂಡ ಲೆಕ್ಕಕ್ಕೆ ಸೇರುತ್ತದೆ.

ಇನ್ನೂ ಕಟ್ಟದ ಕಟ್ಟಡವಾದರೆ ಹಲಗೆ ಹಿಡಿಯಲು ಗೋಡೆ ಇರುವುದಿಲ್ಲ. ಆಗ ನಕ್ಷೆಯ ತಂತ್ರಾಂಶದಲ್ಲಿ ಜಾಗ, ದಿನಾಂಕ, ಗಂಟೆ ಕೊಟ್ಟು ನೆರಳು ನೋಡಬೇಕು. ಕೈಲೆಕ್ಕವೂ ಕಷ್ಟವಲ್ಲ. ಮಾರ್ಚ್ 21 ಮತ್ತು ಸೆಪ್ಟೆಂಬರ್ 22ರ ಹೊತ್ತಿಗೆ, ಭೂಮಧ್ಯರೇಖೆಯ ಕಡೆ ಮುಖ ಮಾಡಿದ ಗೋಡೆಗೆ (ಉತ್ತರ ಗೋಳಾರ್ಧದಲ್ಲಿ ದಕ್ಷಿಣದ ಗೋಡೆ) ಈ ನೆರಳು ಕೋನ ದಿನವಿಡೀ ಒಂದೇ ಇರುತ್ತದೆ. 90ರಿಂದ ನಿಮ್ಮ ಅಕ್ಷಾಂಶ ಕಳೆದರೆ ಸಿಗುವ ಸಂಖ್ಯೆಯೇ ಅದು. 15 ಡಿಗ್ರಿ ಅಕ್ಷಾಂಶದಲ್ಲಿ 75 ಡಿಗ್ರಿ, ಅಂದರೆ 150 ಸೆಂಟಿಮೀಟರ್ ಎತ್ತರದ ಕಿಟಕಿಗೆ 40 ಸೆಂಟಿಮೀಟರ್ ಚಾಚು ಸಾಕು. 50 ಡಿಗ್ರಿ ಅಕ್ಷಾಂಶದಲ್ಲಿ ಕೋನ 40 ಡಿಗ್ರಿ, ಅದೇ ಕಿಟಕಿಗೆ ಸುಮಾರು 180 ಸೆಂಟಿಮೀಟರ್ ಬೇಕು. ಒಂದೇ ಕಿಟಕಿ, ಊರು ಬೇರೆ, ಅಳತೆ ನಾಲ್ಕೂವರೆ ಪಟ್ಟು. ಬೇರೆ ದೇಶದ ಕಟ್ಟಡದ ಫೋಟೋ ನೋಡಿ ಅದೇ ಅಳತೆ ನಕಲು ಮಾಡಬೇಡಿ ಎಂದು ಹೇಳುವುದು ಇದಕ್ಕೇ.

ಭೂಮಧ್ಯರೇಖೆಯ ಕಡೆಗಿನ ಆ ಗೋಡೆಗೆ ಬೇಸಿಗೆಯ ಅರ್ಧ ವರ್ಷದಲ್ಲಿ ನಡು ಮಧ್ಯಾಹ್ನದ ಕೋನಕ್ಕೆ ಲೆಕ್ಕ ಹಾಕಿದರೆ ಬೆಳಗ್ಗೆ ಸಂಜೆಗೂ ಸಾಕಾಗುತ್ತದೆ. ಚಳಿಗಾಲದ ಅರ್ಧದಲ್ಲಿ ಉಲ್ಟಾ. ಆಗ ಮಧ್ಯಾಹ್ನದ ಲೆಕ್ಕ ಸಾಲುವುದಿಲ್ಲ, ಬೆಳಗ್ಗೆ ಸಂಜೆ ಬಿಸಿಲು ಇನ್ನೂ ಕೆಳಗಿನಿಂದ ಬರುತ್ತದೆ. ವರ್ಷವಿಡೀ ಬಿಸಿಲು ಬೇಡ ಎನ್ನುವ ಬಿಸಿ ಊರುಗಳಲ್ಲಿ ಇದನ್ನು ಮರೆತುಬಿಡುತ್ತಾರೆ.

5. ದಿಕ್ಕಿಗೆ ತಕ್ಕ ಆಕಾರ

ಭೂಮಧ್ಯರೇಖೆ ಕಡೆಗಿನ ಗೋಡೆ: ಅಡ್ಡ ತಡೆ. ಸಜ್ಜಾ ಅಥವಾ ಅಡ್ಡ ಲೂವರ್. ಲೂವರ್ ಅಂದರೆ ಒಂದರ ಕೆಳಗೆ ಒಂದು ಜೋಡಿಸಿದ ಪಟ್ಟಿಗಳು. ದೊಡ್ಡ ಸಜ್ಜಾ ಚಾಚಲು ಜಾಗವಿಲ್ಲದಿದ್ದರೆ ಅದನ್ನೇ ಸಣ್ಣ ಸಣ್ಣ ಪಟ್ಟಿಗಳಾಗಿ ಒಡೆಯಬಹುದು. 150 ಸೆಂಟಿಮೀಟರ್ ಎತ್ತರಕ್ಕೆ 120 ಸೆಂಟಿಮೀಟರಿನ ಒಂದು ಸಜ್ಜಾ ಕೊಡುವ ನೆರಳನ್ನೇ, 37.5 ಸೆಂಟಿಮೀಟರಿಗೆ ಒಂದರಂತೆ ಕೂರಿಸಿದ 30 ಸೆಂಟಿಮೀಟರಿನ ನಾಲ್ಕು ಪಟ್ಟಿಗಳು ಕೊಡುತ್ತವೆ. ಪಟ್ಟಿಯ ಅಗಲಕ್ಕೂ ಪಟ್ಟಿಗಳ ನಡುವಿನ ಅಂತರಕ್ಕೂ ಇರುವ ಅನುಪಾತವೇ ಎಲ್ಲ. ಚೆನ್ನಾಗಿ ಕಾಣುತ್ತದೆ ಎಂದೋ ಖರ್ಚು ಉಳಿಯುತ್ತದೆ ಎಂದೋ ಕೂರಿಸುವವರು ಅಂತರ ಹೆಚ್ಚಿಸಿದರೆ ಅಲ್ಲಿಗೆ ಮುಗಿಯಿತು.

ಪೂರ್ವ, ಪಶ್ಚಿಮ: ಇದೇ ಕಷ್ಟದ ದಿಕ್ಕು. ಭೂಮಧ್ಯರೇಖೆಗೆ ಹತ್ತಿರದ ಊರುಗಳಲ್ಲಿ ಸೂರ್ಯ ಮುಳುಗಲು ಎರಡು ಗಂಟೆ ಇರುವಾಗ ಬಿಸಿಲು ಸುಮಾರು 30 ಡಿಗ್ರಿ ಎತ್ತರದಿಂದ ನೇರ ಮುಖಕ್ಕೆ ಬರುತ್ತದೆ. ಆಗ ನಿಮ್ಮ 30 ಸೆಂಟಿಮೀಟರ್ ಹಲಗೆಯ ನೆರಳು ಬರೀ 17 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 150 ಸೆಂಟಿಮೀಟರ್ ಕಿಟಕಿಗೆ 2.6 ಮೀಟರ್ ಚಾಚು ಬೇಕು. ಅದು ಸಜ್ಜಾ ಅಲ್ಲ, ಜಗಲಿ. ಜಗಲಿಗೆ ಜಾಗ ಇದ್ದರೆ ನಿಜಕ್ಕೂ ಅದೇ ಮಾಡಿ, ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಬಿಸಿಲಿಗೆ ಎದುರಾಗಿ ನಿಲ್ಲುವ ಏನಾದರೂ ಬೇಕು: ಹೊರಗಿನ ಬ್ಲೈಂಡ್, ಬಟ್ಟೆಯ ಸ್ಕ್ರೀನ್, ಜಾರುವ ಶಟರ್, ಒತ್ತಾದ ಜಾಲಿ (ತೂತುಗಳಿರುವ ತಡೆ), ಅಥವಾ ಫಿನ್.

ಫಿನ್ ಅಂದರೆ ಗೋಡೆಯಿಂದ ಹೊರಕ್ಕೆ ನಿಂತ ಲಂಬ ಪಟ್ಟಿ. "ಪಶ್ಚಿಮಕ್ಕೆ ಲಂಬ ಫಿನ್ ಹಾಕಿ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಗೋಡೆಗೆ ನೇರವಾಗಿ ನಿಲ್ಲಿಸಿದ ಫಿನ್ ನಟ್ಟ ನಡುವಿನಿಂದ ಬರುವ ಬಿಸಿಲನ್ನು ತಡೆಯುವುದೇ ಇಲ್ಲ. ಬಿಸಿಲು ಎರಡು ಫಿನ್‌ಗಳ ನಡುವೆ ನೇರ ದಾರಿ ಮಾಡಿಕೊಳ್ಳುತ್ತದೆ. ಫಿನ್ ಓರೆಯಾಗಿರಬೇಕು, ಬಿಸಿಲು ಬರುವ ಕಡೆಗೆ ಬೆನ್ನು ತಿರುಗಿಸಿರಬೇಕು. ಯಾವ ಕಡೆಗೆ ಓರೆ ಎನ್ನುವುದನ್ನು 3ನೇ ಹಂತದಲ್ಲಿ ಬರೆದ ಸಾಲು ಹೇಳುತ್ತದೆ. ಸೂರ್ಯ ವರ್ಷವಿಡೀ ಒಂದೇ ಜಾಗದಲ್ಲಿ ಮುಳುಗುವುದಿಲ್ಲ. ಭೂಮಧ್ಯರೇಖೆಯಲ್ಲೇ ಅದು ನೇರ ಪಶ್ಚಿಮದಿಂದ ಎರಡೂ ಕಡೆಗೆ 23.5 ಡಿಗ್ರಿ ಸರಿಯುತ್ತದೆ, 50 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 38 ಡಿಗ್ರಿ. ನಿಮಗೆ ಕಾಟ ಕೊಡುವ ತಿಂಗಳಲ್ಲಿ ಅದು ಯಾವ ಕಡೆ ಇರುತ್ತದೋ ಅದರ ಎದುರು ಕಡೆಗೆ ಸಂದು ತೆರೆಯಲಿ.

ಉತ್ತರದ ಗೋಡೆ (ದಕ್ಷಿಣ ಗೋಳಾರ್ಧದವರಿಗೆ ದಕ್ಷಿಣದ್ದು): ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಮತ್ತು ಸಂಜೆ ತಡವಾಗಿ ಓರೆ ಬಿಸಿಲು ಬರುತ್ತದೆ. ಪಕ್ಕದಲ್ಲಿ ಸಣ್ಣ ಫಿನ್ ಇದ್ದರೆ ಸಾಕು. ಉಷ್ಣವಲಯದಲ್ಲಿ ಜೊತೆಗೆ ಚಿಕ್ಕ ಸಜ್ಜಾ ಇರಲಿ, ಮಳೆಗೂ ಅದು ಬೇಕೇ ಬೇಕು.

ಮೋಡ ಮತ್ತು ತೇವ ಜಾಸ್ತಿ ಇರುವ ಊರುಗಳಿಗೆ ಒಂದು ಮಾತು. ಅಲ್ಲಿ ಶಾಖದ ದೊಡ್ಡ ಪಾಲು ಸೂರ್ಯನಿಂದ ನೇರವಾಗಿ ಬರುವುದಿಲ್ಲ, ಇಡೀ ಆಕಾಶದಿಂದ ಚದುರಿ ಬರುತ್ತದೆ. ಸಜ್ಜಾ ಅದರಲ್ಲಿ ಸ್ವಲ್ಪವನ್ನಷ್ಟೇ ತಡೆಯುತ್ತದೆ. ಒತ್ತಾದ ಲೂವರ್, ಜಾಲಿ, ಸ್ಕ್ರೀನ್ ಅಲ್ಲಿ ಹೆಚ್ಚು ಪ್ರಯೋಜನ.

6. ಅಲುಗಾಡದ್ದಾ, ತಿರುಗುವುದಾ?

ಅಲುಗಾಡದ ತಡೆಗೆ ನಿರ್ವಹಣೆ ಕಡಿಮೆ, ಆಯಸ್ಸು ಜಾಸ್ತಿ. ಆದರೆ ಅದು ಒಂದು ಕೋನಕ್ಕೆ ಮಾತ್ರ ಮಾಡಿದ್ದು. ತಿರುಗುವ ಲೂವರ್, ಏರಿಳಿಯುವ ಬ್ಲೈಂಡ್ ಇದ್ದರೆ ಬೇಕಾದಾಗ ಬಿಸಿಲು ಬಿಡಬಹುದು, ಮೋಡ ಕವಿದಾಗ ಬೆಳಕು ತಗೊಳ್ಳಬಹುದು. ಚಳಿಗಾಲದಲ್ಲಿ ನಿಜಕ್ಕೂ ಬಿಸಿಲು ಬೇಕಾಗುವ ಊರಾದರೆ, ಅಥವಾ ಪೂರ್ವ ಪಶ್ಚಿಮದ ದೊಡ್ಡ ಗಾಜಾದರೆ, ನನ್ನ ಮತ ತಿರುಗುವುದಕ್ಕೇ.

ಆದರೆ ಚಲಿಸುವ ಭಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಪ್ಯಾರಿಸ್‌ನ ಅರಬ್ ವರ್ಲ್ಡ್ ಇನ್‌ಸ್ಟಿಟ್ಯೂಟ್ ಕಟ್ಟಡಕ್ಕೆ 1987ರಲ್ಲಿ ಕ್ಯಾಮೆರಾ ಕಣ್ಣಿನಂತೆ ತೆರೆದು ಮುಚ್ಚುವ ಲೋಹದ ಬಿಸಿಲು ತಡೆ ಹಾಕಿದರು. ನೋಡಲು ಅದ್ಭುತ. ಆದರೆ ಸಾವಿರಾರು ಸಣ್ಣ ಭಾಗಗಳು, ಕಾಲ ಕಳೆದಂತೆ ಹಲವು ಸಿಕ್ಕಿಕೊಂಡು ನಿಂತುಹೋದವು. ಮನೆಗೋ ಸಣ್ಣ ಆಫೀಸಿಗೋ ಕೈಯಿಂದ ಎಳೆಯುವ ಜಾರು ಶಟರ್, ಅಥವಾ ಹಿಡಿ ತಿರುಗಿಸುವ ಬ್ಲೈಂಡ್ ಎಷ್ಟೋ ಮೇಲು.

ಮೋಟರ್ ಹಾಕಿಸುವುದಾದರೆ ಮೂರು ಪ್ರಶ್ನೆ ಕೇಳಿ. ಕರೆಂಟ್ ಹೋದರೆ ಕೈಯಿಂದ ಎತ್ತಲು ಬರುತ್ತದಾ? ಗಾಳಿ ಜೋರಾದಾಗ ತಾನಾಗಿ ಮೇಲೆ ಹೋಗುವ ಸೆನ್ಸರ್ ಇದೆಯಾ? ತಾನಾಗಿ ನಡೆಯುವ ವ್ಯವಸ್ಥೆಯನ್ನು ಒಳಗೆ ಕೂತವರು ಬೇಕಾದಾಗ ಬದಲಿಸಬಹುದಾ? ಮೂರನೆಯದು ಇಲ್ಲದಿದ್ದರೆ ಜನ ಬೇಸತ್ತು ಇಡೀ ವ್ಯವಸ್ಥೆಯನ್ನೇ ಆಫ್ ಮಾಡಿಬಿಡುತ್ತಾರೆ.

7. ಈಗ ಸಾಮಾನು

ಅಲ್ಯೂಮಿನಿಯಂ ಹಗುರ, ತುಕ್ಕು ಕಡಿಮೆ, ಬೇಕಾದ ಆಕಾರಕ್ಕೆ ಸಿಗುತ್ತದೆ. ಆದರೆ ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ. 6 ಮೀಟರ್ ಉದ್ದದ ಪಟ್ಟಿ 50 ಡಿಗ್ರಿ ಏರಿಳಿತಕ್ಕೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ಎರಡೂ ತುದಿ ಬಿಗಿಯಾಗಿ ಕಟ್ಟಿದರೆ ಪಟ್ಟಿ ಬಾಗುತ್ತದೆ, ಸಂಜೆ ತಣ್ಣಗಾಗುವಾಗ ಟಕ್ ಟಕ್ ಸದ್ದು ಮಾಡುತ್ತದೆ. ಒಂದು ತುದಿಗೆ ಉದ್ದನೆಯ ತೂತು ಇರಬೇಕು, ಜಾರಲು ಜಾಗ ಬೇಕು. ಕಬ್ಬಿಣದ ಅಥವಾ ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಮಿಗೆ ನೇರ ತಾಗಬಾರದು. ಎರಡು ಲೋಹ ತಾಗಿದ ಕಡೆ ನೀರು ನಿಂತರೆ, ಅದರಲ್ಲೂ ಸಮುದ್ರದ ಉಪ್ಪು ಗಾಳಿ ಇದ್ದರೆ, ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಇರಲೇಬೇಕು. ಬಣ್ಣ ಪೌಡರ್ ಕೋಟಿಂಗ್ ಆದರೆ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ದಪ್ಪ ಇರುತ್ತದೆ. ಕತ್ತರಿಸಿದ ತುದಿಗೂ ಬಣ್ಣ ಬಂದಿದೆಯಾ ನೋಡಿ, ಸಿಪ್ಪೆ ಏಳುವುದು ಅಲ್ಲಿಂದಲೇ.

ಮರ ಚೆನ್ನಾಗಿ ಕಾಣುತ್ತದೆ, ತಾನು ಕಾದು ಶಾಖ ದಾಟಿಸುವುದೂ ಕಡಿಮೆ. ಆದರೆ ಬಿಸಿಲು ಮಳೆ ಎರಡೂ ಬೀಳುವ ಗೋಡೆಯಲ್ಲಿ ಕೆಲವು ವರ್ಷಕ್ಕೊಮ್ಮೆ ಎಣ್ಣೆಯೋ ಪಾಲಿಶೋ ಮಾಡಲೇಬೇಕು. ಐದನೇ ಮಹಡಿಯಲ್ಲಿ ಅದನ್ನು ಯಾರು, ಹೇಗೆ ಮಾಡುತ್ತಾರೆ ಎಂದು ಈಗಲೇ ಯೋಚಿಸಿ. ಉತ್ತರ ಇಲ್ಲದಿದ್ದರೆ ಮರ ಬೇಡ.

ಕಾಂಕ್ರೀಟ್ ಸಜ್ಜಾ ಗಟ್ಟಿ, ಆದರೆ ಅದು ದಿನವಿಡೀ ಕಾದು ಒಳಗಿನ ಸ್ಲ್ಯಾಬಿಗೆ ಶಾಖ ದಾಟಿಸುತ್ತದೆ. ಹೊಸ ಕಟ್ಟಡವಾದರೆ ಗೋಡೆಯಿಂದ ಸ್ವಲ್ಪ ಬಿಟ್ಟು ಬ್ರಾಕೆಟ್ ಮೇಲೆ ನಿಲ್ಲಿಸಲು ಸಾಧ್ಯವಾ ಕೇಳಿ. ಆ ಸಂದಿನಿಂದ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಕಿಟಕಿಯ ಮುಂದೆ ನಿಲ್ಲುವುದಿಲ್ಲ. ಮಳೆ ಜಾಸ್ತಿ ಇರುವ ಊರಲ್ಲಿ ಆ ಸಂದಿನಿಂದ ನೀರು ಇಳಿಯುತ್ತದೆ ಎನ್ನುವುದೂ ಲೆಕ್ಕದಲ್ಲಿರಲಿ. ಮೇಲ್ಮೈಗೆ ಹೊರಕ್ಕೆ ಇಳಿಜಾರು, ಕೆಳ ಅಂಚಿಗೆ ನೀರು ಹನಿದು ಬೀಳಲು ಕೊರೆದ ಒಂದು ಗೆರೆ ಇರಬೇಕು. ಇಲ್ಲದಿದ್ದರೆ ಗೋಡೆ ಮೇಲೆ ಕರಿ ಕಲೆ ಖಂಡಿತ.

ಬಟ್ಟೆಯ ಸ್ಕ್ರೀನ್ ಆದರೆ "ಓಪನ್‌ನೆಸ್" ಎಂದು 1, 3, 5, 10 ಶೇಕಡಾ ಹೇಳುತ್ತಾರೆ. ಬಟ್ಟೆಯಲ್ಲಿ ಎಷ್ಟು ಪಾಲು ಬರೀ ತೂತು ಎಂದು ಅರ್ಥ. ಕಡಿಮೆ ಇದ್ದಷ್ಟು ಬಿಸಿಲು ಕಡಿಮೆ, ಹೊರಗಿನ ನೋಟವೂ ಕಡಿಮೆ. ಕಡು ಬಣ್ಣದ ಬಟ್ಟೆಯಿಂದ ಹೊರಗಿನದು ಸ್ಪಷ್ಟವಾಗಿ ಕಾಣುತ್ತದೆ. ತಿಳಿ ಬಣ್ಣದ್ದು ಬೆಳಕನ್ನು ಚದುರಿಸಿ ಕಣ್ಣಿಗೆ ಮಬ್ಬು ತರುತ್ತದೆ. ಬೆಂಕಿಗೆ ಬೇಗ ಹತ್ತದ ಬಟ್ಟೆ ಎನ್ನುವ ಪ್ರಮಾಣಪತ್ರ ಕೇಳಿ ಪಡೆಯಿರಿ.

ಗಾಜಿಗೆ ಕಪ್ಪು ಫಿಲ್ಮ್ ಅಥವಾ ಬಣ್ಣದ ಗಾಜು ಇದ್ದರೆ ಒಂದು ಅಪಾಯ ಇದೆ. ಅಂಥ ಗಾಜು ಬಿಸಿಲನ್ನು ಹೀರಿ ಕಾಯುತ್ತದೆ. ಅರ್ಧ ಗಾಜಿಗೆ ನೆರಳು, ಅರ್ಧಕ್ಕೆ ಬಿಸಿಲು ಬಿದ್ದಾಗ ಎರಡು ಭಾಗದ ಬಿಸಿಯಲ್ಲಿ ವ್ಯತ್ಯಾಸ ಆಗಿ, ಟಫನ್ ಮಾಡದ (ಕಾಯಿಸಿ ಗಟ್ಟಿ ಮಾಡದ) ಗಾಜು ಅಂಚಿನಿಂದ ಬಿರುಕು ಬಿಡಬಹುದು. ಹೊರ ತಡೆ ಹಾಕಿಸುವ ಮುಂಚೆ ಗಾಜು ಯಾವ ಥರದ್ದು ಎಂದು ವಿಚಾರಿಸಿ.

8. ಗಾಳಿ ಮತ್ತು ಗೋಡೆ

ಬಿಸಿಲು ತಡೆ ಕೆಟ್ಟರೆ ಅಷ್ಟು ಅಪಾಯವಿಲ್ಲ, ಕಳಚಿ ಬಿದ್ದರೆ ಜೀವ ಹೋಗುತ್ತದೆ. ಸೆಕೆಂಡಿಗೆ 40 ಮೀಟರ್ ವೇಗದ ಗಾಳಿ ಒಂದು ಚದರ ಮೀಟರ್ ಹಲಗೆಯನ್ನು ಸುಮಾರು 100 ಕಿಲೋ ತೂಕದಷ್ಟು ಬಲದಿಂದ ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಮೇಲಿನ ಮಹಡಿ, ಕಟ್ಟಡದ ಮೂಲೆ, ಇಲ್ಲೆಲ್ಲ ಗಾಳಿ ಜಾಸ್ತಿ. ಗಾಳಿ ಹೊರಕ್ಕೂ ಎಳೆಯುತ್ತದೆ ಎನ್ನುವುದನ್ನು ಮರೆಯಬಾರದು.

ಎರಡನೇ ಮಹಡಿಗಿಂತ ಮೇಲೆ ಏನೇ ಹಾಕಿಸಿದರೂ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಬ್ರಾಕೆಟ್ ಮತ್ತು ಬೋಲ್ಟಿನ ಲೆಕ್ಕ ಬರೆಸಿಕೊಳ್ಳಿ. ಟೊಳ್ಳು ಬ್ಲಾಕಿನ ಗೋಡೆಗೆ ಸಾಮಾನ್ಯ ಆಂಕರ್ ಬೋಲ್ಟು ಹಿಡಿಯುವುದಿಲ್ಲ. ಕಾಂಕ್ರೀಟ್ ತೊಲೆಗೆ ಅಥವಾ ಕಂಬಕ್ಕೆ ಕಟ್ಟಬೇಕು, ಇಲ್ಲವೇ ಅಂಥ ಗೋಡೆಗೆಂದೇ ಮಾಡಿದ, ತೂತಿಗೆ ಅಂಟು ತುಂಬಿ ಕೂರಿಸುವ ರಾಸಾಯನಿಕ ಆಂಕರ್ ಬೇಕು. ಪ್ಲಾಸ್ಟರಿಗೆ ಮಾತ್ರ ಕಚ್ಚಿಕೊಂಡ ಬೋಲ್ಟು ಮೊದಲ ಮಳೆಗಾಲದಲ್ಲೇ ಸಡಿಲಾಗುತ್ತದೆ. ಪ್ರತಿ ತೂತಿಗೂ ನೀರು ಇಳಿಯದಂತೆ ಸೀಲ್ ಮಾಡಿಸಿ.

ಅಡ್ಡ ಲೂವರ್ ಮಕ್ಕಳಿಗೆ ಏಣಿ. ಬಾಲ್ಕನಿ, ತೆರೆಯುವ ಕಿಟಕಿಗಳ ಹತ್ತಿರ ಕೆಳಭಾಗಕ್ಕೆ ಅಡ್ಡ ಪಟ್ಟಿ ಬೇಡ, ಲಂಬ ಪಟ್ಟಿ ಇರಲಿ. ಬೆಂಕಿ ಬಿದ್ದಾಗ ಹೊರಬರಬೇಕಾದ ಕಿಟಕಿಯನ್ನು ತೆಗೆಯಲಾಗದ ಜಾಲಿಯಿಂದ ಮುಚ್ಚಬೇಡಿ. ಕಟ್ಟಡದ ಗಡಿಯಿಂದ ಹೊರಕ್ಕೆ ಎಷ್ಟು ಚಾಚಬಹುದು ಎನ್ನುವ ನಿಯಮ ಊರಿಂದೂರಿಗೆ ಬೇರೆ. ಅನುಮತಿ ಮೊದಲು ಕೇಳಿ.

9. ಒಂದು ಕಿಟಕಿಗೆ ಮೊದಲು

ಇಡೀ ಗೋಡೆಗೆ ಆರ್ಡರ್ ಕೊಡುವ ಮುಂಚೆ ಒಂದು ಕಿಟಕಿಗೆ ರಟ್ಟು ಅಥವಾ ಪ್ಲೈವುಡ್‌ನಲ್ಲಿ ಅದೇ ಅಳತೆಯ ಮಾದರಿ ಮಾಡಿ ಕಟ್ಟಿ. ಒಳಗೆ ಕೂತು ನೋಡಿ. ನೆರಳು ಬೀಳುತ್ತಿದೆಯಾ, ಓದಲು ಬೆಳಕು ಸಾಕಾ, ಹೊರಗಿನ ನೋಟ ಪಟ್ಟಿ ಪಟ್ಟಿಯಾಗಿ ಕಣ್ಣಿಗೆ ಕಿರಿಕಿರಿ ಆಗುತ್ತದಾ? ಕೂತಾಗ ಕಣ್ಣಿನ ಎತ್ತರಕ್ಕೇ ಒಂದು ಪಟ್ಟಿ ಬಂದರೆ ಅದನ್ನು ಸ್ವಲ್ಪ ಮೇಲೆ ಕೆಳಗೆ ಸರಿಸುವುದು ಈಗ ಸುಲಭ, ಆಮೇಲೆ ಅಲ್ಲ. ನೆರಳಿಗಾಗಿ ರೂಮು ಕತ್ತಲಾಗಿ ಹಗಲೂ ಲೈಟ್ ಹಾಕಬೇಕಾದರೆ ಅಂತರ, ಓರೆ, ಬಣ್ಣ ಬದಲಿಸಿ ನೋಡಿ. ಪಟ್ಟಿಯ ಮೇಲ್ಮೈ ತಿಳಿ ಬಣ್ಣದ್ದಾದರೆ ಬೆಳಕು ಒಳಗಿನ ಚಾವಣಿಗೆ ಪುಟಿದು ಬರುತ್ತದೆ. ಕನ್ನಡಿಯಂತೆ ಹೊಳೆಯುವ ಲೋಹ ಮಾತ್ರ ಬೇಡ, ಎದುರು ಮನೆಯವರ ಕಣ್ಣಿಗೆ ಹೊಡೆಯುತ್ತದೆ.

ಕೆಲಸ ಒಪ್ಪಿಸುವಾಗ ಇವನ್ನು ಬರೆದು ಸಹಿ ಮಾಡಿಸಿಕೊಳ್ಳಿ: ಪಟ್ಟಿಯ ಅಗಲ, ಪಟ್ಟಿಗಳ ಅಂತರ, ಓರೆಯ ಕೋನ, ಗೋಡೆಯಿಂದ ದೂರ, ಬೋಲ್ಟಿನ ಗಾತ್ರ ಮತ್ತು ಎಲ್ಲೆಲ್ಲಿ, ಬಣ್ಣದ ಥರ, ಮೋಟರಿನ ಮತ್ತು ಬಣ್ಣದ ಗ್ಯಾರಂಟಿ ಬೇರೆ ಬೇರೆಯಾಗಿ. ಕಿಟಕಿಯ ಹೊರಮೈ ಒರೆಸಲು ಕೈ ಹೋಗುತ್ತದಾ ಎನ್ನುವುದನ್ನೂ ಅಲ್ಲೇ ಪರೀಕ್ಷಿಸಿ. ಹೋಗದಿದ್ದರೆ ಒಂದು ಭಾಗ ಬಾಗಿಲಿನಂತೆ ತೆರೆಯುವ ಹಾಗೆ ಮಾಡಿಸಿ. ಪಟ್ಟಿಗಳ ಹಿಂದೆ ಹಕ್ಕಿ ಗೂಡು ಕಟ್ಟುವ ಸಂದು ಉಳಿದಿದ್ದರೆ ಜಾಲರಿ ಹಾಕಿಸಿ.

ಕೂರಿಸಿದ ಮೇಲೆ, 3ನೇ ಹಂತದಲ್ಲಿ ಬರೆದ ತಿಂಗಳು ಮತ್ತು ಗಂಟೆ ಬಂದಾಗ ಮತ್ತೆ ನೆಲದ ಫೋಟೋ ತೆಗೆಯಿರಿ. ಕೊನೆಯ ಕಂತಿನ ಸ್ವಲ್ಪ ಹಣವನ್ನು ಆ ದಿನದವರೆಗೆ ಉಳಿಸಿಕೊಳ್ಳುವ ಮಾತು ಮೊದಲೇ ಆಗಿದ್ದರೆ, ಅಂತರ ತಪ್ಪಿದ ಪಟ್ಟಿಗಳನ್ನು ಸರಿ ಮಾಡಿಸುವುದು ಸುಲಭ. ಆಮೇಲೆ ವರ್ಷಕ್ಕೊಮ್ಮೆ, ಗಾಳಿ ಮಳೆಯ ಕಾಲ ಶುರುವಾಗುವ ಮುಂಚೆ, ಪ್ರತಿ ಬೋಲ್ಟೂ ಬಿಗಿಯಾಗಿದೆಯಾ ಮತ್ತು ವಾಷರುಗಳು ಒಡೆದಿವೆಯಾ ನೋಡಿಸಿ.